ಕೋಡ್ ಕೇಳಿ: ಎಲ್ಲರ ಮೊಬೈಲ್ ನಂಬರೂ ಒಂದೇ ಆಗಿದ್ದು ಹೇಗೆ?

ಈ ಸಲ ಬಂದ ಪ್ರಶ್ನೆಗಳೆಲ್ಲ ವೆಬ್‌ಸೈಟ್ ಬರೆಯುವ ಪಿಎಚ್‌ಪಿ ಭಾಷೆ, ಅದರ ಡೇಟಾ ಕೂಡಿಡುವ ಮೈಎಸ್‌ಕ್ಯೂಎಲ್ ಡೇಟಾಬೇಸ್, ಈ ಜೋಡಿಯವು. ಫಂಕ್ಷನ್ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಹೆಸರಿನ ನಡುವೆ ಜಾಗ ಕಂಡಲ್ಲಿ ಅಂಡರ್‌ಸ್ಕೋರ್ ಹಾಕಿಕೊಳ್ಳಿ.

ಪ್ರಶ್ನೆ: ಬಡಾವಣೆಯ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಮಾಡುತ್ತಿದ್ದೇನೆ. ಕನ್ನಡದ ಶೀರ್ಷಿಕೆಗಳಲ್ಲಿ ಕೆಲವು ಬರೀ ಪ್ರಶ್ನಾರ್ಥಕ ಚಿಹ್ನೆ ಆಗಿವೆ, ಹಳೆಯ ಸಾಲುಗಳು ತಲೆಯ ಮೇಲೆ ಗೀಟಿರುವ ಲ್ಯಾಟಿನ್ ಅಕ್ಷರಗಳಂತೆ ಕಾಣುತ್ತವೆ. ಟೇಬಲ್ಲನ್ನು ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯುಟಿಎಫ್-8ಗೆ ಬದಲಾಯಿಸಿದರೂ ಸರಿಹೋಗಲಿಲ್ಲ. (ಚಾಮರಾಜಪೇಟೆಯ ಓದುಗರು)

ಉತ್ತರ: ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಔಷಧಿ ಕೊಟ್ಟಿದ್ದೀರಿ. ಪರದೆಯ ಮೇಲೆ ಕಾಣುವುದನ್ನು ನಂಬದೆ ಡೇಟಾಬೇಸಿನೊಳಗೆ ಯಾವ ಬೈಟ್ ಕೂತಿದೆ ಎಂದು ಮೊದಲು ನೋಡಿ. ಸೆಲೆಕ್ಟ್ ಮಾಡುವಾಗ ಕಾಲಂ ಹೆಸರನ್ನು ಹೆಕ್ಸ್ ಫಂಕ್ಷನ್ನಿನೊಳಗೆ ಹಾಕಿದರೆ ಸಾಕು, ಒಂದೊಂದು ಬೈಟೂ ಎರಡು ಅಂಕಿ-ಅಕ್ಷರಗಳ ಜೋಡಿಯಾಗಿ ಕಾಣುತ್ತದೆ. ಕನ್ನಡದ ‘ಕ’ ಯುಟಿಎಫ್-8ರಲ್ಲಿ ಮೂರು ಬೈಟ್: ಇ0 ಬಿ2 95. ಕನ್ನಡದ ಯಾವ ಅಕ್ಷರ ತೆಗೆದುಕೊಂಡರೂ ಇ0 ಬಿ2 ಇಲ್ಲವೇ ಇ0 ಬಿ3 ಎಂದೇ ಶುರುವಾಗುತ್ತದೆ. ಹಾಗೆ ಕಂಡ ಸಾಲುಗಳು ಕ್ಷೇಮವಾಗಿವೆ, ಕೆಟ್ಟಿರುವುದು ಓದುವ ಕನೆಕ್ಷನ್ ಮಾತ್ರ.

3ಎಫ್ 3ಎಫ್ 3ಎಫ್ ಎಂದು ಬಂದರೆ ಒಳಗಿರುವುದು ನಿಜವಾದ ಪ್ರಶ್ನಾರ್ಥಕ ಚಿಹ್ನೆಯೇ. ಲ್ಯಾಟಿನ್1 (ಪಶ್ಚಿಮ ಯುರೋಪಿನ ಭಾಷೆಗಳ ಅಕ್ಷರಗಳಷ್ಟೇ ಇರುವ ಹಳೆಯ ಎನ್‌ಕೋಡಿಂಗ್) ಕಾಲಮ್ಮಿಗೆ ಕನ್ನಡ ಬಂದಾಗ, ಅದನ್ನು ಬರೆಯುವ ದಾರಿ ಕಾಣದೆ ಮೈಎಸ್‌ಕ್ಯೂಎಲ್ ಪ್ರತಿ ಅಕ್ಷರಕ್ಕೊಂದು ‘?’ ಇಟ್ಟು ಕೈತೊಳೆದುಕೊಂಡಿದೆ. ಆ ಶೀರ್ಷಿಕೆಗಳನ್ನು ಮತ್ತೆ ಟೈಪ್ ಮಾಡದೆ ಗತಿಯಿಲ್ಲ. ಸ್ಟ್ರಿಕ್ಟ್ ಮೋಡ್ ಚಾಲ್ತಿಯಲ್ಲಿದ್ದಿದ್ದರೆ ಅಂದೇ ಎರರ್ ಕೊಟ್ಟು ನಿಲ್ಲಿಸುತ್ತಿತ್ತು.

ಗೀಟಿನ ಅಕ್ಷರಗಳ ಸಾಲುಗಳು ಮಾತ್ರ ಉಳಿಯುತ್ತವೆ. ಆಗ ಕನೆಕ್ಷನ್ನೂ ಕಾಲಮ್ಮೂ ಎರಡೂ ಲ್ಯಾಟಿನ್1 ಇದ್ದವು, ಬೈಟುಗಳು ಹೋದ ಹಾಗೇ ಬರುತ್ತಿದ್ದವು, ಎಲ್ಲ ಸರಿ ಇದೆ ಅನ್ನಿಸುತ್ತಿತ್ತು. ನೀವು ಕನ್ವರ್ಟ್ ಟು ಕೊಟ್ಟಾಗ ಮೈಎಸ್‌ಕ್ಯೂಎಲ್ ಒಂದೊಂದು ಬೈಟನ್ನೂ ಒಂದೊಂದು ಲ್ಯಾಟಿನ್ ಅಕ್ಷರವೆಂದು ತಿಳಿದು ಮತ್ತೊಮ್ಮೆ ಯುಟಿಎಫ್-8 ಮಾಡಿತು. ಹಾಗಾಗಿ ಮೂರು ಬೈಟಿನ ‘ಕ’ ಏಳು ಬೈಟಾಗಿದೆ: ಸಿ3 ಎ0 ಸಿ2 ಬಿ2 ಇ2 80 ಎ2. ಬಂದ ದಾರಿಯಲ್ಲೇ ವಾಪಸು ಹೋಗಿ: ಕಾಲಮ್ಮನ್ನು ಕನ್ವರ್ಟ್‌ನಿಂದ ಲ್ಯಾಟಿನ್1ಗೆ, ಅದನ್ನು ಕ್ಯಾಸ್ಟ್‌ನಿಂದ ಬೈನರಿಗೆ, ಅದನ್ನು ಮತ್ತೆ ಕನ್ವರ್ಟ್‌ನಿಂದ ಯುಟಿಎಫ್8ಎಂಬಿ4ಗೆ (ಅಕ್ಷರಕ್ಕೆ ನಾಲ್ಕು ಬೈಟಿನವರೆಗೆ ಕೊಡುವ ಪೂರ್ಣ ಯುಟಿಎಫ್-8). ಈ ಮೂರು ಹಂತವನ್ನು ಮೊದಲು ಸೆಲೆಕ್ಟ್‌ನಲ್ಲೇ ಬರೆದು ಕನ್ನಡ ಸರಿಯಾಗಿ ಮೂಡಿತೇ ನೋಡಿ. ಆಮೇಲೆ ಬ್ಯಾಕಪ್ ತೆಗೆದು, ಹೆಕ್ಸ್ ರೂಪದಲ್ಲಿ ಸಿ3ಎ0ಸಿ2ಬಿ ಎಂದು ಶುರುವಾಗುವ ಸಾಲುಗಳಿಗೆ ಮಾತ್ರ ಅಪ್‌ಡೇಟ್ ಕೊಡಿ. ಈ ಷರತ್ತು ಮರೆತರೆ ಸರಿಯಿದ್ದ ಸಾಲುಗಳೂ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ.

ಮುಂದಕ್ಕೆ ಕಾಯಿಲೆ ಮರುಕಳಿಸದಿರಲು, ಪಿಎಚ್‌ಪಿಯನ್ನು ಡೇಟಾಬೇಸಿಗೆ ಜೋಡಿಸುವ ಪಿಡಿಒ ಬಳಸುತ್ತಿದ್ದರೆ ಅದರ ಕನೆಕ್ಷನ್ ಸಾಲಿನಲ್ಲಿ ಚಾರ್‌ಸೆಟ್ ಯುಟಿಎಫ್8ಎಂಬಿ4 ಎಂದು ಬರೆಯಿರಿ. ಮೈಎಸ್‌ಕ್ಯೂಎಲ್ಐ ಆದರೆ ಸೆಟ್ ಚಾರ್‌ಸೆಟ್. ಎಲ್ಲರೂ ಟೇಬಲ್ ತಿದ್ದುತ್ತಾರೆ, ಈ ಒಂದು ಸಾಲು ಮರೆಯುತ್ತಾರೆ. ಡೇಟಾಬೇಸಿನ ಡೀಫಾಲ್ಟ್ ಬದಲಾಯಿಸಿದರೆ ಇನ್ನು ಮುಂದೆ ಹುಟ್ಟುವ ಟೇಬಲ್ಲುಗಳಿಗಷ್ಟೇ ಅನ್ವಯ ಎನ್ನುವುದೂ ನೆನಪಿರಲಿ. ಮೈಎಸ್‌ಕ್ಯೂಎಲ್‌ನ ಹಳೆಯ ‘ಯುಟಿಎಫ್8’ ಒಂದು ಅಕ್ಷರಕ್ಕೆ ಮೂರೇ ಬೈಟ್ ಕೊಡುತ್ತದೆ. ಕನ್ನಡಕ್ಕೆ ಅದು ಸಾಲುತ್ತದೆ, ಆದರೆ ಯಾರೋ ಒಂದು ನಗುಮುಖದ ಇಮೋಜಿ ಹಾಕಿದರೆ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್ 8.0ರಿಂದ ಯುಟಿಎಫ್8ಎಂಬಿ4 ತಾನಾಗಿಯೇ ಬರುತ್ತದೆ.

ಇನ್ನೊಂದು ಮಾತು. ಶೀರ್ಷಿಕೆ ಉದ್ದವಾದರೆ ಕತ್ತರಿಸಲು ಸಬ್‌ಸ್ಟ್ರ್ ಬಳಸಬೇಡಿ. ‘ಕನ್ನಡ’ ಎಂಬ ಪದ ಕಣ್ಣಿಗೆ ಮೂರು ಅಕ್ಷರ, ಎಂಬಿ ಸ್ಟ್ರ್‌ಲೆನ್‌ಗೆ ಐದು, ಸ್ಟ್ರ್‌ಲೆನ್‌ಗೆ ಹದಿನೈದು. ಬೈಟ್ ಲೆಕ್ಕದಲ್ಲಿ ಕತ್ತರಿಸಿದರೆ ಅಕ್ಷರದ ಹೊಟ್ಟೆಯಲ್ಲೇ ಕತ್ತರಿ ಬೀಳುತ್ತದೆ.

ಪ್ರಶ್ನೆ: ಜಿಮ್ ಸದಸ್ಯರ ನೋಂದಣಿ ಪುಟ ಮಾಡಿದ್ದೇನೆ. ಎಲ್ಲರ ಮೊಬೈಲ್ ನಂಬರೂ 2147483647 ಎಂದೇ ಸೇವ್ ಆಗಿದೆ. ಹ್ಯಾಕ್ ಆಗಿದೆಯೇ? (ಯಲಹಂಕದ ಓದುಗರು)

ಉತ್ತರ: ಯಾರೂ ಏನೂ ಮಾಡಿಲ್ಲ. ಕಾಲಂ ಇಂಟ್ ಇದೆ. ನಾಲ್ಕು ಬೈಟಿನ ಇಂಟ್‌ಗೆ ಹಿಡಿಸುವ ಅತಿ ದೊಡ್ಡ ಸಂಖ್ಯೆಯೇ 2147483647. ನಮ್ಮ ಮೊಬೈಲ್ ನಂಬರುಗಳು 6ರಿಂದ 9ರೊಳಗಿನ ಅಂಕಿಯಿಂದ ಶುರುವಾಗುವುದರಿಂದ ಒಂದೂ ಅದರೊಳಗೆ ಹಿಡಿಸುವುದಿಲ್ಲ. ಅನ್‌ಸೈನ್ಡ್ ಮಾಡಿದರೂ ಮಿತಿ 4294967295. ಬಿಗ್‌ಇಂಟ್‌ನಲ್ಲಿ ಹಿಡಿಸುತ್ತದೆ, ಆದರೂ ಬೇಡ. ಬೆಂಗಳೂರಿನ 080 ಲ್ಯಾಂಡ್‌ಲೈನ್ ಹಾಕಿದರೆ ಮುಂದಿನ ಸೊನ್ನೆ ಹಾರಿಹೋಗುತ್ತದೆ, +91 ಇಡಲಾಗುವುದಿಲ್ಲ. ಫೋನ್ ನಂಬರನ್ನು ಯಾರೂ ಕೂಡಿ ಕಳೆಯುವುದಿಲ್ಲವಲ್ಲ, ಅದು ಅಕ್ಷರಗಳ ಸಾಲು. ದೇಶದ ಕೋಡ್ ಸೇರಿ ಹೆಚ್ಚೆಂದರೆ 15 ಅಂಕಿ, ಒಂದು ಕೂಡಿಸುವ ಚಿಹ್ನೆ: ವಾರ್‌ಕ್ಯಾರ್ 16 ಸಾಕು.

ಹೋದ ನಂಬರುಗಳು ಟೇಬಲ್ಲಿನಿಂದ ಸಿಗುವುದಿಲ್ಲ. ಮೈಎಸ್‌ಕ್ಯೂಎಲ್ ಬದಲಾವಣೆಗಳನ್ನು ಬರೆದಿಡುವ ಬೈನರಿ ಲಾಗ್ ಸ್ಟೇಟ್‌ಮೆಂಟ್ ರೂಪದಲ್ಲಿ ಉಳಿದಿದ್ದರೆ ಮೂಲ ಇನ್ಸರ್ಟ್ ಅಲ್ಲಿರುತ್ತದೆ. ಇಲ್ಲವಾದರೆ ಸದಸ್ಯರು ಬಂದಾಗ ಕೇಳಿ ಬರೆದುಕೊಳ್ಳಬೇಕು. ಇಲ್ಲೂ ಎರರ್ ಬಾರದಿರಲು ಕಾರಣ ಸ್ಟ್ರಿಕ್ಟ್ ಮೋಡ್ ಆಫ್ ಆಗಿರುವುದು. ಮೈಎಸ್‌ಕ್ಯೂಎಲ್ 5.7ರಿಂದ ಅದು ತಾನಾಗಿಯೇ ಆನ್ ಇರುತ್ತದೆ. ‘ಎರರ್ ಬರುತ್ತೆ, ತೆಗೆದುಬಿಡಿ’ ಎಂದು ಯಾರೋ ಹೇಳಿದ್ದನ್ನು ಕೇಳಿ ಆಫ್ ಮಾಡಿದವರೇ ಹೆಚ್ಚು.

ಪ್ರಶ್ನೆ: ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಚಟ್ನಿಪುಡಿ ಮಾರುವ ಸೈಟ್. ಪೇಮೆಂಟ್ ಮುಗಿಸಿ ವಾಪಸು ಬಂದ ಗ್ರಾಹಕರು ಲಾಗೌಟ್ ಆಗಿರುತ್ತಾರೆ, ಕಾರ್ಟ್ ಖಾಲಿ. ನಾನು ಟೆಸ್ಟ್ ಮಾಡಿದಾಗ ಮಾತ್ರ ಸರಿಯಾಗಿ ನಡೆಯುತ್ತದೆ! (ರಾಜಾಜಿನಗರದ ಓದುಗರು)

ಉತ್ತರ: ನೀವು ಟೆಸ್ಟ್ ಮಾಡುವಾಗ ಬೇಗ ಮುಗಿಸುತ್ತೀರಿ, ಗ್ರಾಹಕರು ಒಟಿಪಿಗಾಗಿ ಕಾಯುತ್ತಾರೆ. ವ್ಯತ್ಯಾಸ ಇರುವುದೇ ಅಲ್ಲಿ.

ಪೇಮೆಂಟ್ ಗೇಟ್‌ವೇ ಗ್ರಾಹಕರನ್ನು ನಿಮ್ಮ ಪುಟಕ್ಕೆ ಪೋಸ್ಟ್ ವಿಧಾನದಲ್ಲಿ (ಫಾರ್ಮ್ ಸಲ್ಲಿಸಿದ ಹಾಗೆ) ವಾಪಸು ಕಳಿಸುತ್ತಿದೆ. ಲಾಗಿನ್ ಗುರುತು ಇರುವುದು ಬ್ರೌಸರಿನ ಕುಕಿಯಲ್ಲಿ. ಬೇರೆ ಸೈಟಿನಿಂದ ಬರುವ ಪೋಸ್ಟ್ ಜೊತೆ ‘ಲ್ಯಾಕ್ಸ್’ ಎಂದು ಗುರುತಾದ ಕುಕಿಯನ್ನು ಬ್ರೌಸರ್ ಕಳಿಸುವುದಿಲ್ಲ. ಬೇರೆ ಸೈಟಿನಿಂದ ಬಂದಾಗ ಹೋಗಬೇಕೋ ಬೇಡವೋ ಎಂದು ಹೇಳುವ ಸೇಮ್‌ಸೈಟ್ ಗುಣವನ್ನು ಕುಕಿಗೆ ಬರೆಯದಿದ್ದರೆ ಕ್ರೋಮ್ ಅದನ್ನು ಲ್ಯಾಕ್ಸ್ ಎಂದೇ ಎಣಿಸುತ್ತದೆ. 2020ರ ಕ್ರೋಮ್ 80ರಿಂದ ಬಂದ ಪದ್ಧತಿ ಇದು. ಜೊತೆಗೊಂದು ರಿಯಾಯಿತಿಯನ್ನೂ ಇಟ್ಟರು: ಹಾಗೆ ಗುಣ ಬರೆಯದ ಕುಕಿ ಹುಟ್ಟಿ ಎರಡು ನಿಮಿಷ ಆಗಿರದಿದ್ದರೆ ಪೋಸ್ಟ್ ಜೊತೆಗೂ ಹೋಗುತ್ತದೆ. ನಿಮ್ಮ ಟೆಸ್ಟ್ ಪಾಸಾಗುವುದು ಈ ಎರಡು ನಿಮಿಷದ ಕೃಪೆಯಿಂದ.

ಕುಕಿ ಬಾರದೆ ಇದ್ದಾಗ ವಾಪಸು ಬರುವ ಪುಟದಲ್ಲಿ ಸೆಷನ್ ಸ್ಟಾರ್ಟ್ ಇನ್ನೊಂದು ಹೊಸ ಐಡಿ ಕೊಟ್ಟು ಹಳೆಯ ಕುಕಿಯ ಮೇಲೆ ಬರೆದುಬಿಡುತ್ತದೆ. ಲಾಗೌಟ್ ಆಗುವುದು ಆ ಕ್ಷಣದಲ್ಲಿ. ಸೇಮ್‌ಸೈಟ್ ನನ್ ಮತ್ತು ಸೆಕ್ಯೂರ್ ಹಾಕಿದರೆ ಸಮಸ್ಯೆ ನಿಲ್ಲುತ್ತದೆ, ಆದರೆ ಅದಕ್ಕಾಗಿ ಇಡೀ ಸೈಟಿನ ಕುಕಿಯನ್ನು ಸಡಿಲ ಮಾಡುವುದು ನಮಗೆ ಒಪ್ಪಿಗೆಯಿಲ್ಲ. ವಾಪಸು ಬರುವ ಪುಟದಲ್ಲಿ ಸೆಷನ್ ಮುಟ್ಟಲೇಬೇಡಿ. ಬಂದ ಆರ್ಡರ್ ಐಡಿ ಹಿಡಿದು ನಿಮ್ಮ ಟೇಬಲ್ಲಿನಿಂದ ಸಾಲು ತೆಗೆಯಿರಿ. ಗೇಟ್‌ವೇ ಹೇಳಿದ ಕ್ರಮದಲ್ಲಿ ಹ್ಯಾಶ್ ಎಚ್‌ಮ್ಯಾಕ್‌ನಿಂದ ಸಹಿ ಲೆಕ್ಕ ಹಾಕಿ, ಗೇಟ್‌ವೇ ಕಳಿಸಿದ ಸಹಿಯ ಜೊತೆ ಹ್ಯಾಶ್ ಈಕ್ವಲ್ಸ್‌ನಿಂದ ಹೋಲಿಸಿ. ಮೊತ್ತವನ್ನೂ ನಿಮ್ಮ ಟೇಬಲ್ಲಿನ ಮೊತ್ತದೊಂದಿಗೆ ತಾಳೆ ನೋಡಿ. ಗೇಟ್‌ವೇ ಪೈಸೆಯಲ್ಲಿ ಕಳಿಸುತ್ತದೆಯೋ ರೂಪಾಯಿಯಲ್ಲೋ ಗಮನಿಸಿ, 250 ರೂಪಾಯಿ ಎಂದರೆ 25000 ಪೈಸೆ. ಎಲ್ಲ ಸರಿಯಿದ್ದರೆ ‘ಪಾವತಿ ಆಯಿತು’ ಎಂದು ಗುರುತು ಹಾಕಿ, 303 ಕೋಡಿನಿಂದ ಧನ್ಯವಾದದ ಪುಟಕ್ಕೆ ಕಳಿಸಿ. ಅದು ಗೆಟ್ ಆಗಿ (ಸಾಮಾನ್ಯ ಲಿಂಕ್ ತೆರೆದ ಹಾಗೆ) ಹೋಗುವುದರಿಂದ ಲ್ಯಾಕ್ಸ್ ಕುಕಿ ಜೊತೆಗೇ ಬರುತ್ತದೆ, ಗ್ರಾಹಕರು ಲಾಗಿನ್ ಆಗಿಯೇ ಇರುತ್ತಾರೆ.

ಯುಪಿಐ ಆ್ಯಪಿನಲ್ಲಿ ಹಣ ಕೊಟ್ಟು ಬ್ರೌಸರಿಗೆ ಮರಳದವರೂ ಇರುತ್ತಾರೆ. ಅವರಿಗಾಗಿ ಗೇಟ್‌ವೇ ನೇರವಾಗಿ ನಿಮ್ಮ ಸರ್ವರಿಗೆ ಸುದ್ದಿ ಮುಟ್ಟಿಸುವ ವೆಬ್‌ಹುಕ್ ಬೇಕೇ ಬೇಕು. ಒಂದೇ ಪಾವತಿಯ ಸುದ್ದಿ ಎರಡು ಸಲ ಬರಬಹುದು, ಆದ್ದರಿಂದ ಪೇಮೆಂಟ್ ಐಡಿ ಕಾಲಮ್ಮಿಗೆ ಯುನೀಕ್ ಇಂಡೆಕ್ಸ್ ಹಾಕಿಡಿ.

ಪ್ರಶ್ನೆ: ಲ್ಯಾಪ್‌ಟಾಪಿನಲ್ಲಿ ಸರಿಯಾಗಿ ನಡೆಯುವ ಲಾಗಿನ್ ಪುಟ ಹೋಸ್ಟಿಂಗ್‌ಗೆ ಹಾಕಿದರೆ ‘ಹೆಡರ್ಸ್ ಆಲ್ರೆಡಿ ಸೆಂಟ್’ ಎನ್ನುತ್ತದೆ. (ವಿಜಯನಗರದ ವಿದ್ಯಾರ್ಥಿನಿ)

ಉತ್ತರ: ಆ ಎರರ್ ಸಾಲನ್ನು ಪೂರ್ತಿ ಓದಿ. ‘ಔಟ್‌ಪುಟ್ ಸ್ಟಾರ್ಟೆಡ್ ಅಟ್’ ಎಂದು ಒಂದು ಫೈಲು, ಒಂದು ಸಾಲಿನ ಸಂಖ್ಯೆ ಕೊಟ್ಟಿರುತ್ತದೆ. ತಪ್ಪಿರುವುದು ಅಲ್ಲಿ, ಹೆಡರ್ ಬರೆದ ಸಾಲಿನಲ್ಲಲ್ಲ. ರೀಡೈರೆಕ್ಟ್ ಹೆಡರ್ (ಬೇರೆ ಪುಟಕ್ಕೆ ಹೋಗು ಎಂದು ಬ್ರೌಸರಿಗೆ ಹೇಳುವ ಸೂಚನೆ) ಹೋಗುವ ಮೊದಲೇ ಪುಟದ ಒಂದು ಬೈಟಾದರೂ ಹೊರಟರೆ ಕೆಟ್ಟಿತು. ಕೊನೆಯ ಸಾಲಿನ ಸಂಖ್ಯೆ ಕಂಡರೆ ಮುಚ್ಚುವ ಟ್ಯಾಗಿನ ಆಚೆ ಖಾಲಿ ಸಾಲುಗಳಿರುತ್ತವೆ. ಬರೀ ಪಿಎಚ್‌ಪಿ ಇರುವ ಫೈಲಿನಲ್ಲಿ ಆ ಟ್ಯಾಗನ್ನೇ ತೆಗೆದುಬಿಡಿ. ಸಾಲು 1 ಎಂದಿದ್ದು ಅಲ್ಲೇನೂ ಕಾಣದಿದ್ದರೆ ಅದು ಬಾಮ್: ಫೈಲಿನ ತಲೆಯಲ್ಲಿ ಅಡಗಿರುವ ಮೂರು ಬೈಟ್. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಎಂದು ಸೇವ್ ಮಾಡುವಾಗಲೆಲ್ಲ ಅದನ್ನು ಸೇರಿಸುತ್ತಿತ್ತು. ವಿಎಸ್ ಕೋಡ್‌ನಲ್ಲಿ ಕೆಳಗೆ ಬಲಗಡೆ ಎನ್‌ಕೋಡಿಂಗ್ ಹೆಸರಿನ ಮೇಲೆ ಒತ್ತಿ, ಬಾಮ್ ಇಲ್ಲದ ಯುಟಿಎಫ್-8ರಲ್ಲಿ ಮತ್ತೆ ಸೇವ್ ಮಾಡಿ.

ಲ್ಯಾಪ್‌ಟಾಪಿನಲ್ಲಿ ಯಾಕೆ ಬರಲಿಲ್ಲ? ಪಿಎಚ್‌ಪಿ ಜೊತೆ ಬರುವ ಮಾದರಿ ಐಎನ್‌ಐ ಫೈಲುಗಳಲ್ಲಿ ಔಟ್‌ಪುಟ್ ಬಫರಿಂಗ್ 4096 ಬೈಟ್. ಅಷ್ಟು ತುಂಬುವವರೆಗೆ ಏನೂ ಹೊರಗೆ ಹೋಗುವುದಿಲ್ಲ, ತಪ್ಪು ಮುಚ್ಚಿಹೋಗುತ್ತದೆ. ನಿಮ್ಮ ಹೋಸ್ಟಿಂಗ್‌ನಲ್ಲಿ ಅದು ಸೊನ್ನೆ ಇರಬೇಕು. ಅಂದಹಾಗೆ, ರೀಡೈರೆಕ್ಟ್ ಹೆಡರಿನ ಮುಂದಿನ ಸಾಲಿನಲ್ಲಿ ಎಕ್ಸಿಟ್ ಇದೆಯೇ? ಇಲ್ಲದಿದ್ದರೆ ಲಾಗಿನ್ ಆಗದವರಿಗೂ ಉಳಿದ ಕೋಡ್ ಪೂರ್ತಿ ಓಡುತ್ತದೆ.

ಪ್ರಶ್ನೆ: ಕಂಪನಿಯೊಂದರ ಕ್ಯಾಂಟೀನಿಗೆ ಆರ್ಡರ್ ವರದಿ ಮಾಡಿದ್ದೇನೆ. ರಾತ್ರಿ ಪಾಳಿಯ ಆರ್ಡರುಗಳು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿವೆ. (ಎಲೆಕ್ಟ್ರಾನಿಕ್ ಸಿಟಿಯ ಓದುಗರು)

ಉತ್ತರ: ಮಧ್ಯರಾತ್ರಿಯಿಂದ ಬೆಳಗಿನ 5:30ರವರೆಗಿನವು ಮಾತ್ರ ತಪ್ಪುತ್ತಿವೆಯೇ? ಹಾಗಿದ್ದರೆ ಸರ್ವರ್ ಯುಟಿಸಿಯಲ್ಲಿದೆ, ಅದು ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದೆ. ಪಿಎಚ್‌ಪಿಯಲ್ಲಿ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಇಡಿ. ಅದರಿಂದ ಮೈಎಸ್‌ಕ್ಯೂಎಲ್‌ನ ನೌ (ಈಗಿನ ಸಮಯ ಕೊಡುವ ಫಂಕ್ಷನ್) ಬದಲಾಗುವುದಿಲ್ಲ, ಕನೆಕ್ಟ್ ಆದ ಕೂಡಲೇ ಅದಕ್ಕೂ ಟೈಮ್ ಜೋನ್ +05:30 ಎಂದು ಸೆಟ್ ಕೊಡಿ. ಕಾಲಂ ಟೈಮ್‌ಸ್ಟಾಂಪ್ ಆಗಿದ್ದರೆ ಹಳೆಯ ಸಾಲುಗಳೂ ತಾವಾಗಿಯೇ ಸರಿಯಾಗಿ ಕಾಣುತ್ತವೆ. ಡೇಟ್‌ಟೈಮ್ ಆಗಿದ್ದರೆ ಬರೆದದ್ದು ಬರೆದ ಹಾಗೇ ಇರುತ್ತದೆ. ಬ್ಯಾಕಪ್ ತೆಗೆದು ಹಳೆಯ ಸಾಲುಗಳಿಗೆ 330 ನಿಮಿಷ ಕೂಡಿಸಿ. ಒಂದೇ ಸಲ!

ಪ್ರಶ್ನೆ: ಡಿ’ಸೋಜಾ ಎಂಬ ಹೆಸರು ಹಾಕಿದರೆ ಫಾರ್ಮ್ ಎರರ್ ಕೊಡುತ್ತದೆ. ಆ ಚಿಹ್ನೆಯನ್ನು ತೆಗೆದು ಸೇವ್ ಮಾಡಬಹುದೇ? (ಫ್ರೇಜರ್ ಟೌನಿನ ಓದುಗರು)

ಉತ್ತರ: ಜನರ ಹೆಸರು ತಿದ್ದಬೇಡಿ, ಕ್ವೆರಿ ತಿದ್ದಿ. ಹೆಸರನ್ನು ಕ್ವೆರಿಯ ಸಾಲಿಗೇ ಅಂಟಿಸುತ್ತಿದ್ದೀರಿ. ನೆಟ್ಟಗಿನ ಒಂಟಿ ಉದ್ಧರಣ ಚಿಹ್ನೆ ಬಂದಲ್ಲಿ ಹೆಸರು ಮುಗಿಯಿತೆಂದು ಮೈಎಸ್‌ಕ್ಯೂಎಲ್ ತಿಳಿಯುತ್ತದೆ. ಕೆಲವು ಫೋನುಗಳು ಬಾಗಿದ ಚಿಹ್ನೆ ಹಾಕುತ್ತವೆ, ಅದು ತೊಂದರೆ ಕೊಡುವುದಿಲ್ಲ. ಎರರ್ ಒಮ್ಮೆ ಬಂದು ಒಮ್ಮೆ ಬಾರದಿರುವುದು ಇದರಿಂದಲೇ ಇರಬಹುದು. ಇದೇ ಕಿಂಡಿಯಿಂದ ಯಾರು ಬೇಕಾದರೂ ತಮ್ಮ ಕ್ವೆರಿಯನ್ನು ಒಳಗೆ ತೂರಿಸಬಹುದು ಎನ್ನುವುದು ಎರರ್‌ಗಿಂತ ದೊಡ್ಡ ಸಂಗತಿ.

ಪಿಡಿಒದಲ್ಲಿ ಪ್ರಿಪೇರ್ ಮಾಡಿ ಹೆಸರಿನ ಜಾಗಕ್ಕೆ ‘?’ ಇಡಿ, ಸುತ್ತ ಉದ್ಧರಣ ಚಿಹ್ನೆ ಹಾಕಬೇಡಿ. ಹೆಸರನ್ನು ಎಕ್ಸಿಕ್ಯೂಟ್‌ಗೆ ಅರೇ ಆಗಿ ಕೊಡಿ. ಲೈಕ್ ಹುಡುಕಾಟದಲ್ಲಿ ಶೇಕಡಾ ಚಿಹ್ನೆಯನ್ನು ಹುಡುಕುವ ಪದದ ಜೊತೆ ಸೇರಿಸಬೇಕು, ‘?’ ಜೊತೆಗಲ್ಲ. ಕಾಲಂ ಹೆಸರಿಗೆ, ಆರ್ಡರ್ ಬೈಗೆ ಈ ‘?’ ನಡೆಯುವುದಿಲ್ಲ, ಒಪ್ಪುವ ಹೆಸರುಗಳ ಪಟ್ಟಿ ಇಟ್ಟುಕೊಂಡು ಅದರಲ್ಲಿದ್ದರೆ ಮಾತ್ರ ಬಳಸಿ. ವಿಶೇಷ ಚಿಹ್ನೆಗಳನ್ನು ಎಚ್‌ಟಿಎಂಎಲ್ ಸಂಕೇತವಾಗಿಸುವ ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್ ಹಾಕುವುದು ಸೇವ್ ಮಾಡುವಾಗಲ್ಲ, ಪುಟದಲ್ಲಿ ತೋರಿಸುವಾಗ. ಮೊದಲೇ ಹಾಕಿಬಿಟ್ಟರೆ ಮುಂದೆ ಡಿ’ಸೋಜಾ ಅವರ ರಸೀದಿಯಲ್ಲಿ, ಎಸ್‌ಎಂಎಸ್‌ನಲ್ಲಿ ಹೆಸರಿನ ನಡುವೆ 039 ಕಾಣಿಸಿಕೊಳ್ಳುತ್ತದೆ.