ಕಾರ್ಡ್ ತುಂಬಿದರೆ ಸಾಲದು, ಫೋನ್ ಮಾಡಬೇಕು

ಪ್ರಶ್ನೆ: 2025ರ ಜುಲೈನಲ್ಲಿ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಕಣ್ಣು ದಾನ ಮಾಡಿದರು ಎಂದು ಓದಿದೆ. ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣು ನಾಲ್ವರಿಗೆ ಹೇಗೆ ಸಾಕಾಯಿತು? ನಮ್ಮ ತಂದೆಗೆ 78 ವರ್ಷ, ಸಕ್ಕರೆ ಕಾಯಿಲೆ ಇದೆ, ಪೊರೆ ಆಪರೇಷನ್ನೂ ಆಗಿದೆ. ಅವರ ಕಣ್ಣು ತೆಗೆದುಕೊಳ್ಳುತ್ತಾರೆಯೇ?

ಉತ್ತರ: ತೆಗೆದುಕೊಳ್ಳುತ್ತಾರೆ. ವಯಸ್ಸು, ಸಕ್ಕರೆ, ಬಿಪಿ, ಕನ್ನಡಕ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ರೇಬೀಸ್, ರಕ್ತದ ಕ್ಯಾನ್ಸರ್‌ನಂಥ ಕೆಲವು ಕಾಯಿಲೆ ಇದ್ದವರ ಕಣ್ಣು ಮಾತ್ರ ಕಸಿಗೆ ಬರುವುದಿಲ್ಲ.

ಕಸಿ ಮಾಡುವುದು ಇಡೀ ಕಣ್ಣನ್ನಲ್ಲ, ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾವನ್ನು. ಅದರ ದಪ್ಪ ಅರ್ಧ ಮಿಲಿಮೀಟರಿನಷ್ಟು. 2021ರ ಅಕ್ಟೋಬರ್‌ನಲ್ಲಿ ನಾರಾಯಣ ನೇತ್ರಾಲಯದ ವೈದ್ಯರು ಅಪ್ಪು ಅವರ ಒಂದೊಂದು ಕಾರ್ನಿಯಾವನ್ನೂ ಎರಡು ಪದರ ಮಾಡಿದರು. ಮೇಲ್ಪದರ ಕೆಟ್ಟಿದ್ದ ಇಬ್ಬರಿಗೆ ಮುಂಭಾಗ, ಒಳಪದರ ಕೆಟ್ಟಿದ್ದ ಇಬ್ಬರಿಗೆ ಹಿಂಭಾಗ ಹೋಯಿತು.

ಆಮೇಲೆ ಕಣ್ಣು ದಾನದ ಪ್ರತಿಜ್ಞಾ ಪತ್ರ (ಕಾರ್ಡ್) ತುಂಬಲು ಜನ ಮುಗಿಬಿದ್ದರು. ಒಳ್ಳೆಯದೇ. ಆದರೆ ಸತ್ತವರು ಫೋನ್ ಮಾಡಲಾರರು! ಕಾರ್ಡ್ ಬೀರುವಿನಲ್ಲಿದ್ದು, ಮನೆಯವರು ನೆಂಟರ ದಾರಿ ಕಾಯುತ್ತ ಕೂತರೆ ಹೊತ್ತು ಮೀರುತ್ತದೆ. ಕಾರ್ಡ್ ಇಲ್ಲದಿದ್ದರೂ ಹತ್ತಿರದ ಸಂಬಂಧಿಕರು ಒಪ್ಪಿದರೆ ಸಾಕು. ತೀರಿಕೊಂಡ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಹಾಗಾಗಿ ಮೊದಲ ಅರ್ಧ ಗಂಟೆಯಲ್ಲೇ ನೇತ್ರ ಬ್ಯಾಂಕಿಗೆ ತಿಳಿಸಿ. ಅವರು ಬರುವಷ್ಟರಲ್ಲಿ ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ. ಫ್ಯಾನ್ ಆರಿಸಿ; ಗಾಳಿಗೆ ಕಾರ್ನಿಯಾ ಒಣಗುತ್ತದೆ. ತಲೆಯ ಕೆಳಗೆ ಎರಡು ದಿಂಬು ಕೊಡಿ, ಇಲ್ಲದಿದ್ದರೆ ರಕ್ತ ಕಣ್ಣಿನ ಕಡೆ ಇಳಿದು ತೆಗೆಯುವಾಗ ಸೋರುತ್ತದೆ. ವೈದ್ಯರ ಮರಣ ದೃಢೀಕರಣ ಪತ್ರ ಸಿದ್ಧವಿರಲಿ. ಮನೆಯಲ್ಲೇ ತೀರಿಕೊಂಡಾಗ ಇದಕ್ಕೂ ತಡವಾಗುವುದುಂಟು. ಕೆಲಸ ಇಪ್ಪತ್ತು ನಿಮಿಷದ್ದು. ಪರೀಕ್ಷೆಗೆ ಸ್ವಲ್ಪ ರಕ್ತವನ್ನೂ ತೆಗೆಯುತ್ತಾರೆ. ಮುಖ ವಿಕಾರವಾಗುವುದಿಲ್ಲ, ಹಣ ಕೇಳುವುದಿಲ್ಲ.

ಪ್ರಶ್ನೆ: ನಟ ಸಂಚಾರಿ ವಿಜಯ್ ಅವರಂತೆ ಕಿಡ್ನಿ, ಲಿವರ್ ಕೂಡ ಕೊಡಬಹುದೇ?

ಉತ್ತರ: ಮನೆಯಲ್ಲಿ ತೀರಿಕೊಂಡರೆ ಆಗದು. 2021ರ ಜೂನ್‌ನಲ್ಲಿ ಬೈಕ್ ಅಪಘಾತವಾಗಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಅವರು ಆಸ್ಪತ್ರೆಯಲ್ಲಿ ವೆಂಟಿಲೇಟರ್ ಮೇಲಿದ್ದರು, ಹೃದಯ ಬಡಿಯುತ್ತಿತ್ತು. ರಕ್ತ ಸಂಚಾರ ನಿಂತರೆ ಕಿಡ್ನಿ, ಲಿವರ್ ಬೇಗ ಕೆಡುತ್ತವೆ. ಕಾರ್ನಿಯಾದಲ್ಲಿ ರಕ್ತನಾಳಗಳೇ ಇಲ್ಲ, ಅದಕ್ಕೇ ಅಷ್ಟು ಹೊತ್ತು ತಡೆಯುತ್ತದೆ. ಮಿದುಳು ಸಾವನ್ನು ನಾಲ್ವರು ವೈದ್ಯರ ತಂಡ ಆರು ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ಆಮೇಲೆ ಅಂಗ ಯಾರಿಗೆ ಎಂಬುದನ್ನು ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ಸಂಸ್ಥೆ ಸರದಿ ಪಟ್ಟಿ ನೋಡಿ ಹಂಚುತ್ತದೆ. ಇಂಥವರಿಗೇ ಕೊಡಿ ಎಂದು ಮನೆಯವರು ಹೇಳುವಂತಿಲ್ಲ.