ನಾಲ್ಕು ಪಾವು ಸುರಿದರೂ ಸೇರು ತುಂಬಲಿಲ್ಲ, ಅಲ್ಲಿಂದ ಶುರು ಮಾಡಿ

ಮೇಷ್ಟ್ರೇ, ನಮಸ್ಕಾರ.

ನಿಮ್ಮ ‘ವಸ್ತುಗಳ ಮೂಲಕ ಇತಿಹಾಸ ಬೋಧನೆ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ತುಂಬಾ ಒಳ್ಳೆಯ ಬರಹವೊಂದು ಇದೆ. ಅದು ನಾಲ್ಕನೇ ಪುಟದ ಕೊನೆಯಲ್ಲಿ ಅವಿತು ಕೂತಿದೆ. ಅದು ಹೊರಗೆ ಬರಲಿ ಅಂತಲೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲ ಮೂರು ಪುಟ ತೆಗೆದುಬಿಡಿ. ಇತಿಹಾಸ ಯಾಕೆ ಬೇಕು, ಬಾಯಿಪಾಠದಿಂದ ಏನು ನಷ್ಟ, ಮಕ್ಕಳು ಮುಟ್ಟಿ ನೋಡಿದರೆ ಎಷ್ಟು ಚೆನ್ನಾಗಿ ಕಲಿಯುತ್ತಾರೆ ಎಂಬುದೆಲ್ಲ ಅಲ್ಲಿದೆ. ನಮ್ಮ ಓದುಗರಲ್ಲಿ ಶಿಕ್ಷಕರೇ ಜಾಸ್ತಿ. ತರಬೇತಿಗಳಲ್ಲಿ ಇದನ್ನು ಕೇಳಿ ಕೇಳಿ ಅವರಿಗೆ ಸಾಕಾಗಿದೆ. ಅವರ ಹತ್ತಿರ ಇಲ್ಲದ್ದು ನಿಮ್ಮ ಹತ್ತಿರ ಇದೆ: ಐದನೇ ತರಗತಿಯ ಮಕ್ಕಳು, ಒಂದು ಚೀಲ ರಾಗಿ, ಒಬ್ಬಳ ಮನೆಯಿಂದ ಬಂದ ಹಿತ್ತಾಳೆ ಸೇರು, ಇನ್ನೊಬ್ಬನ ಮನೆಯಿಂದ ಬಂದ ಪಾವು.

ಸೇರಿಗೆ ನಾಲ್ಕು ಪಾವು ಅಂತ ನೀವು ಬೋರ್ಡಿನ ಮೇಲೆ ಬರೆದಿರಿ. ಮಕ್ಕಳು ಅಳೆದರು. ನಾಲ್ಕು ಪಾವು ಸುರಿದರೂ ಸೇರು ತುಂಬಲಿಲ್ಲ. ಆಮೇಲೆ ನಿಮ್ಮ ಲೇಖನದಲ್ಲಿ ಇರುವುದು ಒಂದೇ ವಾಕ್ಯ: ‘ಅಳತೆ ಹೊಂದದ ಕಾರಣ ಬೇರೆ ಪಾವು ತರಿಸಿ ಚಟುವಟಿಕೆಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಲಾಯಿತು.’

ಅಯ್ಯೋ ಮೇಷ್ಟ್ರೇ, ಪಾಠ ಶುರುವಾಗಿದ್ದೇ ಅಲ್ಲಿ! ಬೋರ್ಡಿನ ಮೇಲಿದ್ದ ಲೆಕ್ಕವನ್ನು ಮಕ್ಕಳ ಕೈಯಲ್ಲಿದ್ದ ಪಾವು ಒಪ್ಪಲಿಲ್ಲ. ಆಗ ಮಕ್ಕಳ ಮುಖ ಹೇಗಿತ್ತು? ಯಾರು ಏನಂದರು? ಮತ್ತೆ ಅಳೆಯೋಣ ಅಂದವರು ಇದ್ದರಾ? ಒಂದು ಊರಿನ ಸೇರು ಇನ್ನೊಂದು ಊರಿನಲ್ಲಿ ಅಷ್ಟೇ ಇರುತ್ತಿರಲಿಲ್ಲ. ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. ತೂಗುವ ಸೇರು ಬೇರೆ, ಅಳೆಯುವ ಸೇರು ಬೇರೆ. ಸಂತೆಗೆ ಬಂದ ರೈತ ಇದರಿಂದ ಎಷ್ಟು ಕಳೆದುಕೊಂಡಿರಬಹುದು ಅಂತ ಮಕ್ಕಳೇ ಲೆಕ್ಕ ಹಾಕಬಹುದಿತ್ತು. ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂತ 1956ರಲ್ಲಿ ಕಾನೂನು ಬಂತು. 1958ರಿಂದ ಕಿಲೋ, ಲೀಟರು ಹಂತ ಹಂತವಾಗಿ ಬಳಕೆಗೆ ಬಂದವು. ಈ ಇಸವಿಗಳನ್ನು ಪಾಠದ ಮೊದಲು ಹೇಳಿದ್ದರೆ ಮಕ್ಕಳು ಬರೆದುಕೊಂಡು ಮರೆಯುತ್ತಿದ್ದರು. ಸೇರು ತುಂಬದೆ ಹೋದ ಮೇಲೆ ಹೇಳಿದರೆ ಅದು ಅವರದೇ ಪ್ರಶ್ನೆಗೆ ಸಿಕ್ಕ ಉತ್ತರ ಆಗುತ್ತದೆ. ‘ಸೇರಿಗೆ ಸವ್ವಾಸೇರು’ ಅನ್ನುವ ಮಾತನ್ನೂ ಅಲ್ಲೇ ಅಳೆದು ತೋರಿಸಬಹುದಲ್ವಾ? ಸೇರಿನ ಮೇಲೆ ಇನ್ನೊಂದು ಪಾವು, ಅಷ್ಟೇ.

ಇನ್ನು ಆ ಅಜ್ಜಿ. ಮೊಮ್ಮಗಳ ಜೊತೆ ಶಾಲೆಗೆ ಬಂದು ರಾಗಿ ಅಳೆದು ತೋರಿಸಿದರು ಅಂದಿದ್ದೀರಿ. ‘ಲಾಭ, ಎರಡು, ಮೂರು’ ಅಂತ ಎಣಿಸಿದರು, ಮಕ್ಕಳು ನಕ್ಕರು ಅಂತಲೂ ಇದೆ. ಅಷ್ಟಕ್ಕೇ ನಿಲ್ಲಿಸಿದ್ದೀರಿ. ಕಣದಲ್ಲಿ ಧಾನ್ಯ ಅಳೆಯುವಾಗ ‘ಒಂದು’ ಅನ್ನದೆ ‘ಲಾಭ’ ಅನ್ನುತ್ತಿದ್ದರು ಅನ್ನುವುದು ಈಗಿನ ಎಷ್ಟೋ ದೊಡ್ಡವರಿಗೇ ಗೊತ್ತಿಲ್ಲ. ಇದಕ್ಕೆ ಒಂದು ಪೂರ್ತಿ ಪ್ಯಾರಾ ಕೊಡಿ. ಅಜ್ಜಿಯನ್ನು ಇನ್ನೊಂದು ಸಲ ಹೋಗಿ ಮಾತಾಡಿಸಿ. ಕೂಲಿಗೆ ಕಾಳು ಕೊಡುವ ಕಾಲವನ್ನು ಅವರು ಕಂಡಿದ್ದರೆ, ಯಾರು ಅಳೆಯುತ್ತಿದ್ದರು ಅಂತ ಕೇಳಿ. ರಾಶಿಯಾಗಿ ತುಂಬಿ ಕೊಡುತ್ತಿದ್ದರಾ, ಮೇಲೆ ಕೈಯಾಡಿಸಿ ಸವರಿ ಕೊಡುತ್ತಿದ್ದರಾ? ಅದೇ ಸೇರು, ಅದೇ ರಾಗಿ. ಆದರೆ ಕೂಲಿಯವಳ ಮಡಿಲಿಗೆ ಬೀಳುವುದು ಅಳೆಯುವವನ ಕೈಯನ್ನು ಅವಲಂಬಿಸಿತ್ತು. ಹತ್ತು ವರ್ಷದ ಮಕ್ಕಳಿಗೆ ಇದು ಖಂಡಿತ ಅರ್ಥವಾಗುತ್ತದೆ. ಎರಡೂ ರೀತಿ ಅಳೆದು ನೋಡಲಿ ಬಿಡಿ.

ನಿಮ್ಮ ಪಟ್ಟಿಯಲ್ಲಿ 23 ವಸ್ತುಗಳಿವೆ. ಬುಡ್ಡಿದೀಪ, ಬೀಸುವ ಕಲ್ಲು, ಒನಕೆ, ಬೀಗದಕೈ ಎಲ್ಲವೂ ಒಂದೊಂದು ಸಾಲಿನಲ್ಲಿ ಬಂದು ಹೋಗುತ್ತವೆ. ಎರಡು ಉಳಿಸಿಕೊಳ್ಳಿ, ಸಾಕು. ಒಂದು ಸೇರು. ಇನ್ನೊಂದು ಆ ತೂತಿನ ಕಾಸು. ಹುಡುಗನೊಬ್ಬ ಅದನ್ನು ಬೆರಳಿನ ತುದಿಗೆ ಸಿಕ್ಕಿಸಿಕೊಂಡು ‘ದಾರಕ್ಕೆ ಪೋಣಿಸೋಕೆ ತೂತು ಮಾಡಿದ್ದಾರೆ ಸಾರ್’ ಅಂದ ಅಂತ ಬರೆದಿದ್ದೀರಿ. ಎಷ್ಟು ಚೆಂದದ ಊಹೆ! ನೀವು ಕೂಡಲೇ ‘ತಪ್ಪು’ ಅಂದುಬಿಟ್ಟಿರಿ. ಆ ಕಾಸು 1943ರಿಂದ 1947ರವರೆಗೆ ಬಂದದ್ದು. ಎರಡನೇ ಮಹಾಯುದ್ಧದ ಕಾಲ, ತಾಮ್ರ ಉಳಿಸಬೇಕಿತ್ತು, ಅದಕ್ಕೆ ನಡುವೆ ತೂತು. ಉತ್ತರ ಸರಿಯಾಗಿಯೇ ಹೇಳಿದ್ದೀರಿ. ಸ್ವಲ್ಪ ತಡೆದು ಹೇಳಿದ್ದರೆ ಇನ್ನೂ ನಾಲ್ಕು ಊಹೆ ಬರುತ್ತಿದ್ದವು. ಮುಂದಿನ ಸಲ ತಡೆಯಿರಿ, ಬಂದದ್ದನ್ನೆಲ್ಲ ಬರೆದಿಟ್ಟುಕೊಳ್ಳಿ.

ಎರಡು ವಿಷಯಗಳಲ್ಲಿ ಖಡಾಖಂಡಿತವಾಗಿ ಹೇಳಬೇಕಾಗಿದೆ. ಆ ಸೇರು ‘ವಿಜಯನಗರ ಕಾಲದ್ದು’ ಅಂದಿದ್ದೀರಿ. ಮನೆಯವರು ಹಾಗೆ ಹೇಳಿದರು ಅನ್ನುವುದು ಬಿಟ್ಟರೆ ಬೇರೆ ಆಧಾರ ಕೊಟ್ಟಿಲ್ಲ. ಅಂಚಿನಲ್ಲಿ ಮುದ್ರೆ ಏನಾದರೂ ಇದೆಯಾ ನೋಡಿ. ಇಲ್ಲದಿದ್ದರೆ ‘ಮೂರು ತಲೆಮಾರಿನಿಂದ ಮನೆಯಲ್ಲಿದೆ’ ಅಂತ ಬರೆಯಿರಿ. ಅದೇನೂ ಕಡಿಮೆಯಲ್ಲ.

ಇನ್ನೊಂದು, ಹೊಲದ ಬದುವಿನಿಂದ ವೀರಗಲ್ಲಿನ ತುಂಡನ್ನು ಮಕ್ಕಳ ಕೈಲಿ ತರಿಸಿದ್ದು. ನಿಮ್ಮ ಉದ್ದೇಶ ಒಳ್ಳೆಯದೇ, ಆದರೆ ಇದನ್ನು ನಾವು ಪ್ರಕಟಿಸುವುದಿಲ್ಲ. ದಯವಿಟ್ಟು ಮುಂದೆ ಹೀಗೆ ಮಾಡಬೇಡಿ. ತುರುಗಳನ್ನು ಬಿಡಿಸಲು ಹೋಗಿ ಸತ್ತವನ ಕಲ್ಲು ಎಲ್ಲಿ ನಿಂತಿದೆ ಅನ್ನುವುದೂ ಅವನ ಕಥೆಯೇ. ಜಾಗ ಬದಲಾದರೆ ಅರ್ಧ ಕಥೆ ಹೋಯಿತು. ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳಿಗೆ 1878ರ ನಿಧಿ ಕಾಯ್ದೆಯೂ ಇದೆ, 1972ರ ಪ್ರಾಚ್ಯವಸ್ತು ಕಾಯ್ದೆಯೂ ಇದೆ. ತುಂಡು ಈಗಲೂ ಶಾಲೆಯಲ್ಲೇ ಇದ್ದರೆ ಎಲ್ಲಿಂದ ತಂದದ್ದು ಅಂತ ಬರೆದಿಟ್ಟು, ಪುರಾತತ್ವ ಇಲಾಖೆಯವರಿಗೆ ತಿಳಿಸಿ. ಇನ್ನು ಮೇಲೆ ಮಕ್ಕಳನ್ನೇ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ. ಕಲ್ಲಿನ ಕೆಳಗಿನ ಕೆತ್ತನೆಯ ಪಟ್ಟಿಯಲ್ಲಿ ಕಾಳಗ, ನಡುವಿನದರಲ್ಲಿ ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಲಿಂಗ. ತುಂಬಾ ಕಲ್ಲುಗಳಲ್ಲಿ ಹೀಗೇ ಇರುತ್ತದೆ. ಕೆಳಗಿನಿಂದ ಓದಬೇಕು ಅಂತ ಮಕ್ಕಳೇ ಕಂಡುಹಿಡಿಯಲಿ.

ಭಾಷೆಯ ಬಗ್ಗೆ ಒಂದೇ ಮಾತು. ‘ಪ್ರದರ್ಶಿಸಲಾಯಿತು’, ‘ವಿವರಿಸಲಾಯಿತು’, ‘ಪೂರ್ಣಗೊಳಿಸಲಾಯಿತು’. ಇದು ಇಲಾಖೆಗೆ ಕಳಿಸುವ ವರದಿಯ ಕನ್ನಡ. ಇಡೀ ಲೇಖನದಲ್ಲಿ ‘ನಾನು’ ಅನ್ನುವ ಪದವೇ ಇಲ್ಲ! ಪಾಠ ಮಾಡಿದವರು ನೀವು, ಗಲಿಬಿಲಿಯಾದದ್ದು ನಿಮಗೆ. ಹಾಗೇ ಬರೆಯಿರಿ. ಮಕ್ಕಳಿಗೂ ಹೆಸರು ಕೊಡಿ, ನಿಜವಾದ ಹೆಸರು ಬೇಡ.

900 ಪದಗಳೊಳಗೆ ಬರಲಿ. ಸೇರು, ಪಾವು ಪಕ್ಕಪಕ್ಕ ಇಟ್ಟು ಒಂದು ಫೋಟೊ ತೆಗೆಯಿರಿ, ರಾಗಿ ಎಲ್ಲಿಯವರೆಗೆ ಬಂದು ನಿಂತಿತ್ತು ಅನ್ನುವುದು ಕಾಣಬೇಕು. ಮೊದಲಿನ ಪಾವನ್ನು ತಂದ ಹುಡುಗನ ಮನೆಗೂ ಹೋಗಿ ಬನ್ನಿ. ಅದು ಯಾವ ಊರಿನಿಂದ ಬಂದದ್ದು ಅಂತ ಕೇಳಿ ಬರೆಯಿರಿ. ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ