ಸಭೆಗೆ ನುಗ್ಗಿದರೆ ಮೋರಿ ಸರಿಹೋಗಲ್ಲ

ನಗರಾಡಳಿತದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ, ಪಾಲಿಕೆಯ ಪರಿಷತ್ ವಿಭಾಗದಲ್ಲಿದ್ದು ನಿವೃತ್ತರಾದ ಅಧಿಕಾರಿಯ ಉತ್ತರ

ಪ್ರಶ್ನೆ: ನಮ್ಮದು ಶಿವಮೊಗ್ಗದ ತಗ್ಗಿನ ಬಡಾವಣೆ. ಜೋರು ಮಳೆ ಬಂದರೆ ಮೋರಿ ನೀರು ಅಂಗಳಕ್ಕೆ ನುಗ್ಗುತ್ತೆ. ಬೀದಿಯವರೆಲ್ಲ ಸೇರಿ ಪಾಲಿಕೆ ಸಾಮಾನ್ಯ ಸಭೆಗೆ ಹೋಗಿ ಮೇಯರ್ ಎದುರಿಗೇ ಹೇಳಬೇಕು ಅಂತಿದ್ದೇವೆ. ಮಾತಾಡಲು ಬಿಡ್ತಾರಾ?

ಬಿಡುವುದಿಲ್ಲ. ಪ್ರತಿ ಮಳೆಗಾಲಕ್ಕೂ ಇದೇ ಪ್ರಶ್ನೆ. ಹೊರದೇಶದಲ್ಲಿ ಜನ ಮೈಕ್ ಮುಂದೆ ನಿಂತು ನಗರ ಸಭೆಯವರನ್ನು ತರಾಟೆಗೆ ತೆಗೆದುಕೊಳ್ಳುವ ವಿಡಿಯೊ ನೋಡುತ್ತೀರಿ, ಇಲ್ಲೂ ಹಾಗೇ ಅಂದುಕೊಳ್ಳುತ್ತೀರಿ. ಶಿವಮೊಗ್ಗದಂಥ ಪಾಲಿಕೆಗಳು ನಡೆಯುವುದು 1976ರ ಕರ್ನಾಟಕ ಪೌರ ನಿಗಮಗಳ ಕಾಯ್ದೆಯ ಪ್ರಕಾರ. ಸಭೆಯಲ್ಲಿ ಮಾತು ಸದಸ್ಯರದ್ದು. ಆಯುಕ್ತರು ಕೂಡ ಉತ್ತರ ಕೊಡಬಹುದೇ ಹೊರತು ಮತ ಹಾಕುವ ಹಾಗಿಲ್ಲ. ನೀವು ಹಿಂದೆ ಕೂತು ಕೇಳಬಹುದು. ಎದ್ದು ಕೂಗಿದರೆ ಹೊರಗೆ ಕಳಿಸುತ್ತಾರೆ. ಮರುದಿನ ಪೇಪರಿನಲ್ಲಿ ಫೋಟೊ ಬರಬಹುದು, ಮೋರಿ ಹಾಗೇ ಇರುತ್ತೆ.

ಇನ್ನೊಂದು ಮಾತು. ಯಾವ ಮೇಯರ್? 2018ರಲ್ಲಿ ಗೆದ್ದ ಸದಸ್ಯರ ಅವಧಿ 2023ಕ್ಕೆ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಮತ್ತೆ ಚುನಾವಣೆ ಆಗುವವರೆಗೆ 35 ವಾರ್ಡಿಗೂ ಸದಸ್ಯರಿಲ್ಲ, ಸಾಮಾನ್ಯ ಸಭೆಯೂ ಇಲ್ಲ. ಹೋಗುವ ಮೊದಲು ಇಷ್ಟಾದರೂ ವಿಚಾರಿಸಬೇಕು ಅಲ್ವಾ?

ಸದಸ್ಯರು ಇರಲಿ ಬಿಡಲಿ, ಕೆಲಸ ಶುರುವಾಗುವುದು ಟಪಾಲು ಕೌಂಟರಿನಿಂದ. ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದು ಕೊಡಿ, ಇನ್ನೊಂದರ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ‘ಸೀಲು ಸಾಹೇಬರ ಹತ್ತಿರ ಇದೆ, ನಾಳೆ ಬನ್ನಿ’ ಅಂದರೆ ಅಲ್ಲೇ ಬೆಂಚಿನ ಮೇಲೆ ಕೂತುಬಿಡಿ. ನಂಬರ್ ಇಲ್ಲದ ಅರ್ಜಿ ಕಳೆದುಹೋಗಲು ಗಾಳಿ ಕೂಡ ಬೇಕಾಗಿಲ್ಲ.

ಅರ್ಜಿಯಲ್ಲಿ ಏನು ಬರೀತೀರಿ ಅನ್ನುವುದೇ ಮುಖ್ಯ. ‘ನಮ್ಮ ಬಡಾವಣೆಗೆ ಮೂಲಸೌಕರ್ಯ ಕಲ್ಪಿಸಿಕೊಡಬೇಕೆಂದು ತಮ್ಮಲ್ಲಿ ವಿನಮ್ರ ಪ್ರಾರ್ಥನೆ’ ಅಂತ ಬರೆದರೆ ಇಂಜಿನಿಯರ್ ಏನು ಅಳೆಯಬೇಕು? ಹೀಗೆ ಬರೆಯಿರಿ: ‘ಎರಡನೇ ಅಡ್ಡರಸ್ತೆ, ಹಾಲಿನ ಬೂತಿನಿಂದ ಮೂಲೆಯ ಮೋರಿವರೆಗೆ ಸುಮಾರು 60 ಮೀಟರ್ ಚರಂಡಿ. ಮೊಣಕಾಲುದ್ದ ಹೂಳು. ಮೂರು ಚಪ್ಪಡಿ ಒಡೆದಿವೆ. ಮೋರಿ ಪೈಪು ಚರಂಡಿಗಿಂತ ಚಿಕ್ಕದು.’ ಇದನ್ನು ಓದಿದವರು ಅಂದಾಜು ಪಟ್ಟಿ ಮಾಡಬಹುದು. ಅಂದಾಜು ಪಟ್ಟಿ ಇದ್ದರೆ ಕ್ರಿಯಾಯೋಜನೆಗೆ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಗೆ ಸೇರುತ್ತೆ. ಸೇರದಿದ್ದರೆ ದುಡ್ಡಿಲ್ಲ, ಅಷ್ಟೇ. ಸದಸ್ಯರಿದ್ದರೆ ಇದೇ ಹಾಳೆಯನ್ನು ಅವರ ಕೈಗೂ ಕೊಟ್ಟು ‘ಅಜೆಂಡಾದಲ್ಲಿ ಹಾಕಿಸಿ’ ಅನ್ನಿ. ‘ಸಭೆಯಲ್ಲಿ ಪ್ರಸ್ತಾಪ ಮಾಡಿ’ ಅನ್ನಬೇಡಿ. ಪ್ರಸ್ತಾಪ ಮಾಡಿದ್ದು ಗಲಾಟೆಯಲ್ಲಿ ಮುಳುಗುತ್ತೆ, ಅಜೆಂಡಾದಲ್ಲಿ ಬಂದದ್ದಕ್ಕೆ ನಡಾವಳಿಯಲ್ಲಿ, ಅಂದರೆ ಸಭೆಯ ಲಿಖಿತ ದಾಖಲೆಯಲ್ಲಿ ತೀರ್ಮಾನ ಬರೆಯಲೇಬೇಕು.

ಆ ನಡಾವಳಿಯ ನಕಲು ಕೇಳಿ ಪಡೆಯಿರಿ. ಕೊಡದಿದ್ದರೆ ಮಾಹಿತಿ ಹಕ್ಕು ಇದೆ. ಶುಲ್ಕ 10 ರೂಪಾಯಿ, ಗಡುವು 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಬಡಾವಣೆಯ ಚರಿತ್ರೆಯನ್ನೆಲ್ಲ ಅದರಲ್ಲಿ ತುರುಕಬೇಡಿ.

ಇನ್ನು ಕಾಲ. ಜುಲೈನಲ್ಲಿ ನೀರು ಒಳಗೆ ಬಂದ ಮೇಲೆ ಹೂಳೆತ್ತಿ ಅಂತ ಬರುತ್ತೀರಿ. ಮಲೆನಾಡಿನ ಮಳೆಯಲ್ಲಿ ಮೋರಿಯೊಳಗೆ ಯಾರನ್ನು ಇಳಿಸುವುದು? ಟೆಂಡರ್ ಆಗುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತೆ. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ನಿಮಗೆ ನೆನಪಿರಬೇಕು. ಈ ಅರ್ಜಿ ಕೊಡಬೇಕಾದದ್ದು ದೀಪಾವಳಿ ಆಸುಪಾಸಿನಲ್ಲಿ. ಬಜೆಟ್‌ಗೆ ಮೊದಲು ಸಾರ್ವಜನಿಕರನ್ನು ಕರೆದು ಪೂರ್ವಭಾವಿ ಸಭೆ ಮಾಡುತ್ತಾರೆ. ನಿಮಗೆ ಬೇಕಾಗಿದ್ದ ಮೈಕ್ ಇರುವುದು ಅಲ್ಲಿ! ಆದರೆ ಆ ದಿನ ಬರುವವರು ಅವೇ ಹತ್ತಿಪ್ಪತ್ತು ಮುಖಗಳು. ಸೀಲು ಬಿದ್ದ ಪ್ರತಿ ಹಿಡಿದು ಬಂದರೆ ಎರಡು ನಿಮಿಷದ ಮಾತು ಸಾಕು.

ಪ್ರಶ್ನೆ: ನೂರು ಜನರ ಸಹಿ ಇದ್ದರೆ ವಿಶೇಷ ಸಭೆ ಕರೆಯಲೇಬೇಕಂತೆ. ವಾಟ್ಸಾಪಿನಲ್ಲಿ ಬಂದಿತ್ತು.

ಸುಳ್ಳು. ವಿಶೇಷ ಸಭೆ ಕರೆಸಲು ಬೇಕಾದದ್ದು ಸದಸ್ಯರ ಸಹಿ, ನಿಮ್ಮದಲ್ಲ.

ಪ್ರಶ್ನೆ: ಒಬ್ಬರು ನಮ್ಮ ವಿಷಯವನ್ನು ಅಜೆಂಡಾಕ್ಕೆ ಹಾಕಿಸಿಕೊಡುತ್ತೇನೆ ಅಂತ ಐದು ಸಾವಿರ ಕೇಳುತ್ತಿದ್ದಾರೆ. ಕೊಡಬಹುದಾ?

ಇಂಥವರು ಪಾಲಿಕೆ ಎದುರಿನ ಟೀ ಅಂಗಡಿಯಲ್ಲೇ ಆಫೀಸು ಇಟ್ಟುಕೊಂಡಿರುತ್ತಾರೆ. ನಿಮ್ಮ ಎದುರಿಗೇ ಯಾರಿಗೋ ಫೋನ್ ಹಚ್ಚಿ ‘ಸಾರ್, ನಮ್ಮವರದ್ದೊಂದು ಇದೆ’ ಅನ್ನುತ್ತಾರೆ. ಆ ಕಡೆ ಯಾರಿದ್ದಾರೆ ಅಂತ ದೇವರಿಗೇ ಗೊತ್ತು. ಒಂದು ಪೈಸೆಯನ್ನೂ ಕೊಡಬೇಡಿ. ಕೊಟ್ಟು ಕೆಲಸ ಆಗದಿದ್ದರೆ ರಶೀದಿ ಇಲ್ಲ, ದೂರು ಕೊಡಲು ಮುಖವೂ ಇಲ್ಲ.

ಪ್ರಶ್ನೆ: ವಾರ್ಡ್ ಸಮಿತಿ ಅಂತ ಒಂದಿದೆಯಂತೆ, ನಿಜವಾ?

ಕಾನೂನಿನಲ್ಲಿದೆ. ಮೂರು ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ. 2011ರ ಜನಗಣತಿಯಲ್ಲಿ ಶಿವಮೊಗ್ಗ 3,22,650. ‘ನಮ್ಮ ವಾರ್ಡಿನ ಸಮಿತಿ ರಚನೆ ಯಾವ ಹಂತದಲ್ಲಿದೆ?’ ಅಂತ ಒಂದೇ ಸಾಲಿನಲ್ಲಿ ಬರೆದು, ಅದಕ್ಕೂ ಸೀಲು ಹಾಕಿಸಿ.

ಪ್ರಶ್ನೆ: ಪ್ರತಿಭಟನೆ ಅಂತ ಆಸ್ತಿ ತೆರಿಗೆ ನಿಲ್ಲಿಸಿದರೆ?

ದಂಡ ಬೀಳುತ್ತೆ. ಏಪ್ರಿಲ್‌ನಲ್ಲೇ ಕಟ್ಟಿ ಶೇ. 5 ರಿಯಾಯಿತಿ ತಗೊಳ್ಳಿ.

ಪ್ರಶ್ನೆ: ಬೀದಿಯ ಕರೆಂಟ್ ಕಂಬ ವಾಲಿದೆ, ಪಾಲಿಕೆಗೆ ಹೇಳಿ ಸಾಕಾಯಿತು.

ಸುಮ್ನೆ ಓಡಾಡಿದ್ದೀರಿ. ಕಂಬ ವಿದ್ಯುತ್ ಕಂಪನಿ ಮೆಸ್ಕಾಂನದ್ದು, 1912ಕ್ಕೆ ಫೋನ್ ಮಾಡಿ. ಇವತ್ತೇ ಮಾಡಿ, ಅಲ್ಲಿವರೆಗೆ ಮಕ್ಕಳನ್ನು ಆ ಕಡೆ ಬಿಡಬೇಡಿ.

ಪ್ರಶ್ನೆ: ನಾನು ಸಾಗರದವಳು. ಇದೆಲ್ಲ ನಮಗೂ ಅನ್ವಯಿಸುತ್ತಾ?

ನಿಮ್ಮದು ನಗರಸಭೆ, ಕಾಯ್ದೆ ಬೇರೆ, 1964ರದ್ದು. ಮೇಯರ್ ಬದಲು ಅಧ್ಯಕ್ಷರು, ಆಯುಕ್ತರ ಬದಲು ಪೌರಾಯುಕ್ತರು. ತೀರ್ಥಹಳ್ಳಿಯಂಥ ಪಟ್ಟಣ ಪಂಚಾಯಿತಿಯಾದರೆ ಮುಖ್ಯಾಧಿಕಾರಿ. ಟಪಾಲು, ಅಜೆಂಡಾ, ನಡಾವಳಿ ಎಲ್ಲ ಕಡೆಯೂ ಒಂದೇ. ನಿಮ್ಮಲ್ಲಿ ಮಳೆ ಇನ್ನೂ ಜಾಸ್ತಿ. ಹಾಗಾಗಿ ಅರ್ಜಿಯನ್ನು ದೀಪಾವಳಿವರೆಗೂ ಕಾಯಿಸದೆ ದಸರಾ ಮುಗಿದ ಕೂಡಲೇ ಕೊಡಿ.